ಮೂಗಿಗಿಂತ ಮೊದಲು ನೀರು: ಘಮದ ಶೇವಿಂಗ್ ಕ್ರೀಮ್ ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅಂಗಡಿಯಲ್ಲಿ ಎಲ್ಲರೂ ಮಾಡುವುದು ಒಂದೇ. ಟ್ಯೂಬಿನ ಮುಚ್ಚಳ ತೆಗೆದು ಮೂಸುತ್ತಾರೆ, ‘ಆಹಾ’ ಅಂತಾರೆ, ದುಡ್ಡು ಕೊಟ್ಟು ಬರುತ್ತಾರೆ. ವಾರ ಕಳೆದ ಮೇಲೆ ನನಗೆ ಫೋನು. ‘ನೊರೆನೇ ಬರ್ತಿಲ್ಲ.’ ‘ಕತ್ತು ಉರಿಯುತ್ತೆ.’ ‘ಈ ವಾಸನೆಗೆ ಮನೆಯಲ್ಲಿ ಬೈತಾರೆ.’ ಪುಣೆ, ಮುಂಬೈಯ ಕನ್ನಡದ ಗೆಳೆಯರಿಂದ ಈ ಮೂರರಲ್ಲಿ ಒಂದು ದೂರು ಬಾರದ ತಿಂಗಳಿಲ್ಲ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಮುಂಬೈಯ ಮುಲುಂಡ್‌ನಲ್ಲಿದ್ದಾಗ ಒಂದು ನಿಂಬೆ ಘಮದ ಕ್ರೀಮು ಕೆನೆಮೊಸರಿನಂಥ ನೊರೆ ಕೊಡುತ್ತಿತ್ತು. ಆಮೇಲೆ ಪುಣೆಯ ವಾಘೋಲಿಗೆ ಮನೆ ಬದಲಾಯಿಸಿದೆ. ಅದೇ ಕ್ರೀಮು, ಅದೇ ಬ್ರಶ್ಶು. ನೊರೆ ಮಾತ್ರ ಮಜ್ಜಿಗೆ ಮೇಲಿನ ಗುಳ್ಳೆಯ ಹಾಗೆ ಎದ್ದು ಹೋಗುತ್ತಿತ್ತು. ನಕಲಿ ಮಾಲು ಅಂದುಕೊಂಡು ಎರಡು ಟ್ಯೂಬು ಕಸಕ್ಕೆ ಹಾಕಿದೆ. ಮೂರನೆಯದರ ಸರದಿ ಬರುವ ಹೊತ್ತಿಗೆ ಅವ್ವ ಊರಿಂದ ಬಂದಿದ್ದಳು. ಕುಕ್ಕರ್ ತೆಗೆದು ನೋಡಿ, ‘ಸವಳು ನೀರು ಐತಿ, ಬ್ಯಾಳಿ ಹೆಂಗ ಕುದಿಬೇಕು?’ ಅಂದಳು. ಬೇಳೆ ಬೇಯದ ನೀರಿನಲ್ಲಿ ನೊರೆ ಹೇಗೆ ಏಳಬೇಕು!

ಆದ್ದರಿಂದ ಆರಿಸುವ ಕ್ರಮ ಹೀಗಿರಲಿ: ಮೊದಲು ನೀರು, ಆಮೇಲೆ ಲೇಬಲ್ಲು, ಆಮೇಲೆ ನಿಮ್ಮ ಚರ್ಮ, ಕೊನೆಗೆ ಮೂಗು. ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಬರುವ ತೊಂದರೆಗಳಲ್ಲಿ ಬಹುಪಾಲು ಅಲ್ಲಿಂದಲೇ.

ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದದ್ದು

ಒಂದು ಶೇವಿಂಗ್ ಬ್ರಶ್ಶು, ಅಗಲ ಬಾಯಿಯ ಸಣ್ಣ ಬಟ್ಟಲು, ಮುಚ್ಚಳವಿರುವ ಎರಡು ಖಾಲಿ ನೀರಿನ ಬಾಟಲಿ, ಒಂದು ತುಂಡು ಪಟಿಕ (ಪುಣೆ, ಮುಂಬೈಯ ಅಂಗಡಿಯಲ್ಲಿ ‘ತುರ್ಟಿ’ ಅಂತ ಕೇಳಿ). ಜೊತೆಗೆ ನಿಮಗೆ ಈಗಾಗಲೇ ಒಗ್ಗಿದ ರೇಜರು ಮತ್ತು ಬ್ಲೇಡು. ‘ಒಗ್ಗಿದ’ ಅನ್ನುವುದು ಮುಖ್ಯ. ಹೊಸ ಕ್ರೀಮಿನ ಜೊತೆಗೇ ಹೊಸ ಬ್ಲೇಡಿನ ಬ್ರ್ಯಾಂಡನ್ನೂ ಹಿಡಿದರೆ, ಮುಖ ಉರಿದಾಗ ತಪ್ಪು ಯಾರದು ಅಂತ ಗೊತ್ತಾಗುವುದಿಲ್ಲ.

ಬ್ರಶ್ಶು ಹಂದಿ ಕೂದಲಿನದಾದರೆ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ನೆನೆಸಿ. ಸಿಂಥೆಟಿಕ್ ಆದರೆ ನೆನೆಸುವ ಕೆಲಸವಿಲ್ಲ, ಒದ್ದೆ ಮಾಡಿದರೆ ಸಾಕು. ಕ್ರೀಮು ಪರೀಕ್ಷೆ ಮಾಡಲು ಸಿಂಥೆಟಿಕ್ಕೇ ವಾಸಿ. ಹಂದಿ ಕೂದಲು ಹೊಸದಾಗಿದ್ದಾಗ ಅದರದ್ದೇ ವಾಸನೆ ಇರುತ್ತದೆ. ಗಂಧದ ಕ್ರೀಮಿಗೆ ಒದ್ದೆ ಕುರಿಯ ವಾಸನೆ ಬೆರೆತರೆ ಏನು ತಿಳಿಯುತ್ತದೆ?

ಹಂತ 1: ನಿಮ್ಮ ನಲ್ಲಿಯ ನೀರು ಎಂಥದ್ದು?

ಶೇವಿಂಗ್ ಕ್ರೀಮು ಅಂದರೆ ಮೂಲತಃ ಸೋಪು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅವು ಸೋಪನ್ನು ಹಿಡಿದು ಕರಗದ ಮಡ್ಡಿ ಮಾಡಿಬಿಡುತ್ತವೆ. ಬಕೆಟ್ಟಿನ ಅಂಚಿಗೆ ಬಿಳಿಯಾಗಿ ಅಂಟುತ್ತದಲ್ಲ, ಅದೇ. ಕ್ರೀಮಿನ ಒಂದು ಪಾಲು ಹೀಗೆ ಮಡ್ಡಿಯಾಗಿ ಹೋದ ಮೇಲೆ ಉಳಿದದ್ದರಿಂದ ನೊರೆ ಬರಬೇಕು.

ಮುಂಬೈಯವರಿಗೆ ಇಲ್ಲಿ ಅದೃಷ್ಟವಿದೆ. ಭಾತ್ಸಾ, ತಾನ್ಸಾ, ವೈತರಣಾ, ವಿಹಾರ್, ತುಳಸಿ ಎಲ್ಲ ಮಳೆನೀರು ತುಂಬುವ ಜಲಾಶಯಗಳು, ನೀರು ಮೆದು. ಪುಣೆ ಊರೊಳಗೆ ಖಡಕವಾಸ್ಲಾ ನೀರು ಬರುವ ಮನೆಗಳಲ್ಲೂ ತೊಂದರೆ ಕಡಿಮೆ. ಕಷ್ಟವಿರುವುದು ಟ್ಯಾಂಕರು, ಬೋರ್‌ವೆಲ್ ನಂಬಿರುವ ಹೌಸಿಂಗ್ ಸೊಸೈಟಿಗಳಲ್ಲಿ. ವಾಘೋಲಿ, ಹಿಂಜವಡಿ ಕಡೆ ಇಂಥವು ಬೇಕಾದಷ್ಟಿವೆ. ಒಂದೇ ಸೊಸೈಟಿಯಲ್ಲಿ ಮಳೆಗಾಲಕ್ಕೊಂದು ನೀರು, ಏಪ್ರಿಲ್‌ಗೊಂದು ನೀರು ಬರುವುದೂ ಉಂಟು.

ಪರೀಕ್ಷೆ ಸುಲಭ. ಒಂದು ಬಾಟಲಿಗೆ ಅರ್ಧದಷ್ಟು ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಒ ಫಿಲ್ಟರಿನ ನೀರು ಹಾಕಿ. ಎರಡಕ್ಕೂ ಸಾದಾ ಮೈಸೋಪಿನ ಹೆರೆದ ಚೂರು, ಕಡಲೆಕಾಳಿನಷ್ಟು. ಮುಚ್ಚಿ ಜೋರಾಗಿ ಅಲ್ಲಾಡಿಸಿ, ಐದು ನಿಮಿಷ ಬಿಡಿ. ನಲ್ಲಿ ನೀರಿನ ಬಾಟಲಿಯಲ್ಲೂ ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ನೀವು ಬಚಾವ್. ನೊರೆ ಕುಸಿದು ನೀರು ಹಾಲುಹಾಲಾಗಿ, ಮೇಲೆ ಕೆನೆಚೂರಿನಂಥದ್ದು ತೇಲಿದರೆ ಅದು ಗಡಸು ನೀರು. ಈ ಪರೀಕ್ಷೆಗೆ ಬಟ್ಟೆ ಒಗೆಯುವ ಡಿಟರ್ಜೆಂಟ್ ಹಾಕಬೇಡಿ. ಅದು ಗಡಸು ನೀರಿನಲ್ಲೂ ನೊರೆ ಕೊಟ್ಟು ನಿಮಗೆ ಟೋಪಿ ಹಾಕುತ್ತದೆ.

ಸೊಸೈಟಿಯ ನೀರಿನ ರಿಪೋರ್ಟು ಸಿಕ್ಕರೆ ‘ಟೋಟಲ್ ಹಾರ್ಡ್‌ನೆಸ್’ ಸಾಲು ನೋಡಿ. ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು, 180 ದಾಟಿದರೆ ತುಂಬಾ ಗಡಸು. ಕುಡಿಯುವ ನೀರಿನ ಭಾರತೀಯ ಮಾನದಂಡ 200ರವರೆಗೆ ಸರಿ ಅನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ಬಿಡುತ್ತದೆ. ಅಂದರೆ ಕುಡಿಯಲು ಪಾಸಾದ ನೀರು ಶೇವಿಂಗಿಗೆ ಫೇಲಾಗಬಹುದು. ಇನ್ನೊಂದು ಸಾಮಾನ್ಯ ತಪ್ಪು ಟಿಡಿಎಸ್ ಮೀಟರನ್ನು ನಂಬುವುದು. ಅದು ಕರಗಿದ ಎಲ್ಲ ಲವಣಗಳ ಅಂದಾಜು ಕೊಡುತ್ತದೆ, ಗಡಸುತನವನ್ನೇ ಬಿಡಿಸಿ ಹೇಳುವುದಿಲ್ಲ.

ಗಡಸು ನೀರು ಅಂತ ಖಾತ್ರಿಯಾದರೆ ಮನೆ ಬದಲಾಯಿಸಬೇಕಿಲ್ಲ. ನೊರೆಗೆ ಬೇಕಾಗುವುದು ಒಂದು ಲೋಟ ನೀರು. ಆರ್‌ಒ ನೀರನ್ನೇ ಬಿಸಿ ಮಾಡಿ ಬ್ರಶ್ಶು, ಬಟ್ಟಲು, ಮುಖ ಒದ್ದೆ ಮಾಡಿಕೊಳ್ಳಿ. ಕೊನೆಗೆ ಮುಖ ತೊಳೆಯಲು ನಲ್ಲಿ ನೀರು ಸಾಕು. ಬರೀ ಕುದಿಸಿ ಆರಿಸಿದರೆ ಗಡಸುತನದ ಒಂದು ಭಾಗವಷ್ಟೇ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ.

ಹಂತ 2: ಟ್ಯೂಬನ್ನು ತಿರುಗಿಸಿ ಹಿಂದೆ ಓದಿ

ಮುಂದೆ ಬರೆದಿರುವ ‘ರಿಚ್ ಫೋಮ್’, ‘ಅಲ್ಟ್ರಾ ಕೂಲ್’ ಎಲ್ಲ ಬಿಡಿ. ಹಿಂದಿನ ಸಣ್ಣ ಅಕ್ಷರದಲ್ಲೇ ವಿಷಯ ಇರುವುದು. ಜಾಸ್ತಿ ಇರುವ ವಸ್ತು ಮೊದಲು, ಕಡಿಮೆ ಇರುವುದು ಕೊನೆಗೆ, ಈ ಕ್ರಮದಲ್ಲಿ ಪಟ್ಟಿ ಬರೆದಿರುತ್ತಾರೆ.

ಬ್ರಶ್ಶಿನ ಕ್ರೀಮಿನ ಗುರುತು ಪಟ್ಟಿಯ ಮೊದಲ ಐದಾರು ಹೆಸರುಗಳಲ್ಲಿ ಸಿಗುತ್ತದೆ: ನೀರು, ಸ್ಟಿಯರಿಕ್ ಆಸಿಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗ್ಲಿಸರಿನ್, ಕೊಬ್ಬರಿ ಎಣ್ಣೆಯ ಆಮ್ಲ ಅಥವಾ ಮಿರಿಸ್ಟಿಕ್ ಆಸಿಡ್. ಕೆಲವರು ‘ಪೊಟ್ಯಾಸಿಯಂ ಸ್ಟಿಯರೇಟ್’ ಅಂತ ನೇರವಾಗಿ ಬರೆದಿರುತ್ತಾರೆ. ಎರಡೂ ಒಂದೇ ದಾರಿ. ಸ್ಟಿಯರಿಕ್ ಇದ್ದರೆ ನೊರೆ ದಟ್ಟವಾಗಿ ನಿಲ್ಲುತ್ತದೆ. ಕೊಬ್ಬರಿ ಭಾಗ ಗುಳ್ಳೆಯನ್ನು ಬೇಗ ಎಬ್ಬಿಸುತ್ತದೆ. ಗ್ಲಿಸರಿನ್ ನೊರೆ ಒಣಗದ ಹಾಗೆ ನೀರನ್ನು ಹಿಡಿದಿಡುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಂದರೆ ಕಾಸ್ಟಿಕ್ ಅಲ್ವಾ ಅಂತ ಹೆದರಬೇಡಿ. ಅದು ಕೊಬ್ಬಿನ ಆಮ್ಲಗಳ ಜೊತೆ ಸೇರಿ ಆಗಲೇ ಸೋಪಾಗಿರುತ್ತದೆ.

ಪಟ್ಟಿಯಲ್ಲಿ ಬ್ಯುಟೇನ್, ಪ್ರೊಪೇನ್, ಐಸೊಬ್ಯುಟೇನ್ ಕಂಡರೆ ಅದು ಒತ್ತಿದರೆ ಬರುವ ಫೋಮ್. ಸೋಪಿನ ಭಾಗ ಹೆಚ್ಚಿಲ್ಲದೆ, ‘ಬ್ರಶ್ ಬೇಡ’ ಅಂತ ಎಲ್ಲೋ ಮೂಲೆಯಲ್ಲಿ ಬರೆದಿದ್ದರೆ ಅದು ಕೈಯಲ್ಲಿ ಹಚ್ಚುವ ಕ್ರೀಮು. ಅದನ್ನು ಬ್ರಶ್ಶಿನಿಂದ ಎಷ್ಟು ತಿರುಗಿಸಿದರೂ ಅದು ಕ್ರೀಮಾಗಿಯೇ ಉಳಿಯುತ್ತದೆ. ನೊರೆ ಬರುತ್ತಿಲ್ಲ ಅಂತ ಫೋನ್ ಮಾಡಿದವರಲ್ಲಿ ಕೆಲವರ ಕತೆ ಇಷ್ಟೇ. ಘಮ ಚೆನ್ನಾಗಿತ್ತು, ತಂದಿದ್ದು ಬೇರೆ ಜಾತಿಯ ಮಾಲು.

ಗಡಸು ನೀರಿನವರು ಇನ್ನೊಂದು ಹೆಸರು ಹುಡುಕಿ: ಇಡಿಟಿಎ. ಡೈಸೋಡಿಯಂ ಅಥವಾ ಟೆಟ್ರಾಸೋಡಿಯಂ ಇಡಿಟಿಎ ಅಂತ ಪಟ್ಟಿಯ ಕೊನೆಯಲ್ಲಿರುತ್ತದೆ. ಇದು ನೀರಿನ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಪವಾಡ ಮಾಡುವುದಿಲ್ಲ, ಆದರೆ ಅಲ್ಪಸ್ವಲ್ಪ ಗಡಸಿಗೆ ಆಸರೆ.

ಮೈಸೋಪಿನಿಂದಲೇ ಶೇವ್ ಮಾಡುತ್ತೇನೆ, ಘಮವೂ ಇದೆಯಲ್ಲ ಅನ್ನುವವರಿದ್ದಾರೆ. ಮೈಸೋಪು ಬಹುಪಾಲು ಸೋಡಿಯಂ ಸೋಪು. ನೊರೆ ಸಡಿಲ, ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆ ಒಣಗಿರುತ್ತದೆ. ಮೈಸೂರು ಸ್ಯಾಂಡಲ್ ಸೋಪನ್ನು ಮೈಗೆ ಇಟ್ಟುಕೊಳ್ಳೋಣ.

ಹಂತ 3: ಚರ್ಮದ ಲೆಕ್ಕ

ಈಗ ಘಮದ ಮಾತಿಗೆ ಬರುತ್ತಿದ್ದೇವೆ, ಆದರೆ ಚರ್ಮದ ಬಾಗಿಲಿನಿಂದ. ಶೇವ್ ಮಾಡಿದಾಗ ಬ್ಲೇಡು ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಒಂಚೂರು ಎತ್ತುತ್ತದೆ. ಅಂಥ ಚರ್ಮಕ್ಕೆ ಘಮದ ವಸ್ತು ತಾಕಿದರೆ, ಒಗ್ಗದವರಿಗೆ ತೊಂದರೆ ಬೇಗ ಆಗುತ್ತದೆ.

ನಮ್ಮ ಹೆಚ್ಚಿನ ಟ್ಯೂಬುಗಳಲ್ಲಿ ಎಲ್ಲ ಘಮಕ್ಕೂ ಸೇರಿ ‘ಪರ್ಫ್ಯೂಮ್’ ಅಥವಾ ‘ಫ್ರೇಗ್ರೆನ್ಸ್’ ಅಂತ ಒಂದೇ ಪದ ಇರುತ್ತದೆ. ಯುರೋಪಿನ ಮಾಲಿನಲ್ಲಿ ಸ್ವಲ್ಪ ಬಿಡಿಸಿ ಬರೆದಿರುತ್ತಾರೆ. ಅಲ್ಲಿ 2005ರಿಂದ, ಅಲರ್ಜಿ ತರಬಲ್ಲ 26 ಘಮದ ವಸ್ತುಗಳು ತೊಳೆದುಬಿಡುವ ಸಾಮಾನಿನಲ್ಲಿ 0.01% ಮೀರಿದರೆ ಹೆಸರು ಹಾಕಲೇಬೇಕು. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಮೇಲಕ್ಕೆ ಬೆಳೆಸಿದರು. ನಿಂಬೆ ಘಮದಲ್ಲಿ ಲಿಮೊನೀನ್, ಸಿಟ್ರಾಲ್, ಲ್ಯಾವೆಂಡರ್‌ನಲ್ಲಿ ಲಿನಲೂಲ್, ಗುಲಾಬಿಯಲ್ಲಿ ಜೆರಾನಿಯಾಲ್, ಸಿಟ್ರೊನೆಲೋಲ್, ಲವಂಗದ ಘಮದಲ್ಲಿ ಯುಜೆನಾಲ್. ಹಿಂದೆ ಯಾವುದೋ ಸೆಂಟು, ಸೋಪಿನಿಂದ ದದ್ದು ಎದ್ದಿದ್ದರೆ ಅದರ ಪಟ್ಟಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಇರುವ ಹೆಸರೇ ನಿಮ್ಮ ಮೊದಲ ಅನುಮಾನ.

ಒಂದು ಮೋಸದ ಪದವಿದೆ: ‘ಅನ್‌ಸೆಂಟೆಡ್’. ವಾಸನೆ ಬರಬಾರದು ಅಂತ ಇನ್ನೊಂದು ಘಮವಸ್ತು ಹಾಕಿ ಮುಚ್ಚಿದ್ದಕ್ಕೂ ಹಾಗೆ ಬರೆಯುವುದುಂಟು. ಅಲರ್ಜಿ ಇರುವವರು ‘ಫ್ರೇಗ್ರೆನ್ಸ್ ಫ್ರೀ’ ಅಂತ ಹುಡುಕಿ, ಆಮೇಲೆ ಪಟ್ಟಿಯನ್ನೂ ಓದಿ.

‘ನ್ಯಾಚುರಲ್’ ಅಂತ ಬರೆದಿದ್ದರೆ ನೆಮ್ಮದಿ ಪಡಬೇಡಿ. ಮೇಲೆ ಹೇಳಿದ ಹೆಸರುಗಳೆಲ್ಲ ಹೂವು, ಹಣ್ಣು, ಎಲೆಯ ಎಣ್ಣೆಗಳಲ್ಲೇ ಇರುವಂಥವು.

ಹಂತ 4: ಈಗ ಮೂಗು

ಮೊದಲು ಒಂದು ಸತ್ಯ ಒಪ್ಪಿಕೊಳ್ಳಿ. ಶೇವಿಂಗ್ ಕ್ರೀಮನ್ನು ನೀವು ತೊಳೆದುಬಿಡುತ್ತೀರಿ. ಅದರ ಘಮ ನಿಮ್ಮ ಬಚ್ಚಲಿನ ಹತ್ತು ನಿಮಿಷಕ್ಕೆ ಇರುವಂಥದ್ದು. 8:10ರ ಫಾಸ್ಟ್ ಲೋಕಲ್ ಹತ್ತುವ ಹೊತ್ತಿಗೆ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ದಿನವಿಡೀ ಘಮ ಬೇಕೆಂದು ಕ್ರೀಮಿಗೆ ದುಡ್ಡು ಸುರಿಯುವುದು ಸುಮ್ನೆ ದಂಡ. ಆ ಕೆಲಸ ಅತ್ತರಿನದು, ಆಫ್ಟರ್‌ಶೇವಿನದು.

ಹಾಗಾದರೆ ಹೇಗೆ ಮೂಸಬೇಕು? ಟ್ಯೂಬಿನ ಬಾಯಿಗೆ ಮೂಗಿಟ್ಟಲ್ಲ. ತಣ್ಣಗಿನ ಕ್ರೀಮು ಒಂದು ಥರ, ಬಿಸಿನೀರು ಬಿದ್ದು ನೊರೆಯಾದದ್ದು ಇನ್ನೊಂದು ಥರ. ಟ್ಯೂಬಿನಲ್ಲಿ ಹಿತವಾಗಿದ್ದ ಮಸ್ಕು (ಕಸ್ತೂರಿಯ ಘಮ) ನೊರೆಯಲ್ಲಿ ತಲೆ ತಿರುಗಿಸಬಹುದು. ಅಂಗಡಿಯವರು ಪರಿಚಿತರಾಗಿದ್ದು ಟೆಸ್ಟರ್ ಇದ್ದರೆ ಜೋಳದ ಕಾಳಿನಷ್ಟು ಅಂಗೈಗೆ ಹಾಕಿಕೊಂಡು ಎರಡು ಹನಿ ನೀರು ಸೇರಿಸಿ ತಿಕ್ಕಿ, ಆಗ ಮೂಸಿ. ತೊಳೆದುಕೊಳ್ಳಿ. ಕಾಲು ಗಂಟೆ ಬಿಟ್ಟು ಕೈಯನ್ನು ಮತ್ತೆ ಮೂಸಿ. ಮೊದಲ ಘಮ ನಿಮಗೆ, ಎರಡನೆಯದು ಪಕ್ಕ ಕೂತವರಿಗೆ. ಎರಡೂ ಸೇರಬೇಕು.

ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ಮೂಗು ದಣಿಯುತ್ತದೆ, ನಾಲ್ಕನೆಯದಕ್ಕೆ ಎಲ್ಲವೂ ಒಂದೇ ಅನಿಸುತ್ತದೆ. ನಡುನಡುವೆ ನಿಮ್ಮದೇ ಅಂಗಿಯ ತೋಳು ಮೂಸಿ, ಮೂಗಿಗೆ ಬಿಡುವು ಸಿಗುತ್ತದೆ. ಅತ್ತರು ಹಚ್ಚಿಕೊಂಡು, ಗುಟ್ಕಾ-ಪಾನ್ ಹಾಕಿಕೊಂಡು ಹೋದರೆ ಈ ಕೆಲಸ ಆಗುವುದಿಲ್ಲ.

ಇನ್ನು ಘಮಗಳ ಮಾತು. ಇದು ನನ್ನ ಮೂಗಿನ ತೀರ್ಪು, ನಿಮ್ಮದು ಬೇರೆ ಇರಬಹುದು.

ನಿಂಬೆ, ಲೈಮ್: ಬೇಗ ಏಳುತ್ತದೆ, ಬೇಗ ಹೋಗುತ್ತದೆ. ಮುಂಬೈಯ ಮೇ ತಿಂಗಳಿಗೆ, ಒಂದೇ ಬಚ್ಚಲಿನ ಮನೆಗೆ ಇದಕ್ಕಿಂತ ಒಳ್ಳೆಯದಿಲ್ಲ. ನಿಮ್ಮ ಹಿಂದೆ ಸ್ನಾನಕ್ಕೆ ಹೋಗುವವರು ಮೂಗು ಮುರಿಯುವುದಿಲ್ಲ. ಆದರೆ ಕೆಲವು ಲೈಮ್ ಕ್ರೀಮು ಪಾತ್ರೆ ತೊಳೆಯುವ ಸೋಪನ್ನು ನೆನಪಿಸುತ್ತವೆ, ಆದ್ದರಿಂದ ಮೂಸದೆ ತರಬೇಡಿ.

ಗಂಧ: ಕನ್ನಡಿಗರು ಎಡವುವುದು ಇಲ್ಲೇ. ನಮ್ಮ ತಲೆಯಲ್ಲಿ ಗಂಧ ಅಂದರೆ ಮೈಸೂರು ಸ್ಯಾಂಡಲ್ ಸೋಪು, ಇಲ್ಲವೇ ದೇವರ ಮನೆಯ ಸಾಣೆಕಲ್ಲು. ‘ಸ್ಯಾಂಡಲ್‌ವುಡ್’ ಅಂತ ಓದಿ ಅದೇ ಸಿಗುತ್ತದೆ ಅಂದುಕೊಳ್ಳುತ್ತೇವೆ. ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷದ ಲೆಕ್ಕದಲ್ಲಿ ಮಾರುವ ಸರಕು. ನೂರು ರೂಪಾಯಿ ಆಸುಪಾಸಿನ ಟ್ಯೂಬಿನಲ್ಲಿ ಅದನ್ನು ನಿರೀಕ್ಷಿಸಬೇಡಿ. ಅಲ್ಲಿರುವುದು ಕಾರ್ಖಾನೆಯಲ್ಲಿ ಮಾಡಿದ ಗಂಧದ ಘಮ, ಜೊತೆಗೆ ಕೆಲವೊಮ್ಮೆ ವೆನಿಲ್ಲಾ, ಮಸ್ಕು. ಕೆಟ್ಟದ್ದಂತಲ್ಲ, ಬೇರೆಯದು. ಲಂಡನ್ನಿನ ‘ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್’ ಬ್ರ್ಯಾಂಡಿನ ಸ್ಯಾಂಡಲ್‌ವುಡ್ ಕ್ರೀಮು ತುಂಬಾ ಜನರ ಮೆಚ್ಚಿನದು, ಅದೂ ನಮ್ಮ ಸಾಣೆಕಲ್ಲಿನ ಗಂಧವಲ್ಲ.

ಮೆಂಥಾಲ್, ನೀಲಗಿರಿ: ತಂಪು ಅನ್ನುವುದು ನಿಜವಾದ ತಂಪಲ್ಲ. ಚರ್ಮದಲ್ಲಿ ಚಳಿಯನ್ನು ಗುರುತಿಸುವ ನರಗಳನ್ನೇ ಮೆಂಥಾಲ್ ತಟ್ಟುತ್ತದೆ. ಬೇಸಿಗೆಯಲ್ಲಿ ಸ್ವರ್ಗ. ಪುಣೆಯ ಡಿಸೆಂಬರ್ ಬೆಳಿಗ್ಗೆ ಹಚ್ಚಿ ನೋಡಿ, ಹಲ್ಲು ಕಟಕಟ ಅನ್ನುತ್ತದೆ. ಇದರಲ್ಲಿ ಒಂದು ಅಪಾಯವೂ ಇದೆ. ಆ ತಂಪು ಉರಿಯನ್ನು ಮುಚ್ಚಿಡುತ್ತದೆ. ರೇಜರನ್ನು ಒತ್ತಿ ಎಳೆಯುತ್ತಿದ್ದರೂ ಆಗ ಗೊತ್ತಾಗುವುದಿಲ್ಲ, ಆಫೀಸಿಗೆ ಹೋದ ಮೇಲೆ ಕಾಲರ್ ತಾಗಿದಾಗ ಗೊತ್ತಾಗುತ್ತದೆ. ಕಲಿಯುತ್ತಿರುವವರು ಮೊದಲ ಎರಡು ಮೂರು ತಿಂಗಳು ಇದನ್ನು ಬಿಡುವುದು ಒಳ್ಳೆಯದು. ಇಟಲಿಯ ಪ್ರೊರಾಸೊ ಬ್ರ್ಯಾಂಡಿನ ಹಸಿರು ಬಣ್ಣದ್ದು ಈ ಗುಂಪಿನದು. ಅದರಲ್ಲೇ ಬಿಳಿಯದು ಸೂಕ್ಷ್ಮ ಚರ್ಮದವರಿಗೆ.

ಲ್ಯಾವೆಂಡರ್, ‘ಬಾರ್ಬರ್‌ಶಾಪ್’: ಹಳೇ ಸಲೂನಿನ ಕನ್ನಡಿ ಮುಂದೆ ಕೂತ ಹಾಗಾಗುತ್ತದೆ. ಆಫೀಸಿಗೆ ಸಲ್ಲುತ್ತದೆ, ಹೆಚ್ಚಿನ ಸೆಂಟುಗಳ ಜೊತೆಯೂ ಹೊಂದುತ್ತದೆ.

ಗುಲಾಬಿ, ಬಾದಾಮಿ, ಮಸ್ಕು: ಬಾದಾಮಿ ಅಂದರೆ ಬೇಕರಿಯ ಎಸೆನ್ಸಿನ ಘಮ, ಬೆಳಿಗ್ಗೆ ಬಿಸ್ಕೀಟು ನೆನಪಾಗುತ್ತದೆ. ಗುಲಾಬಿ ಕೆಲವರಿಗೆ ಮದುವೆ ಮನೆ, ಕೆಲವರಿಗೆ ತಲೆನೋವು. ಮಸ್ಕು ಬಚ್ಚಲಿನಲ್ಲಿ ಕೂತುಬಿಡುತ್ತದೆ. ಕಿಟಕಿ ಇಲ್ಲದ ಬಾತ್‌ರೂಮಿನವರು, ಮನೆಯಲ್ಲಿ ಸೈನಸ್ ಇರುವವರು ಯೋಚಿಸಿ.

ಅತ್ತರಿನ ಅಭ್ಯಾಸವಿದ್ದರೆ ಕ್ರೀಮು ಸಪ್ಪೆಯದೇ ಇರಲಿ. ಊದಿನ (ಅಗರು ಮರದ) ಅತ್ತರಿಗೆ ಲೈಮ್ ಕ್ರೀಮು ಸೇರಿದರೆ ಪಾಯಸಕ್ಕೆ ಉಪ್ಪಿನಕಾಯಿ ಹಾಕಿಕೊಂಡ ಹಾಗೆ. ಮತ್ತೆ, ಘಮವಿಲ್ಲದ ಕ್ರೀಮಿಗೆ ಮನೆಯಲ್ಲೇ ಅತ್ತರು, ನಿಂಬೆ ಎಣ್ಣೆ ಹನಿಸಬೇಡಿ. ಅದು ಸಮನಾಗಿ ಬೆರೆಯುವುದಿಲ್ಲ, ಎಲ್ಲೋ ಒಂದು ಕಡೆ ಗಾಢ ಎಣ್ಣೆಯೇ ಕೆರೆದ ಚರ್ಮಕ್ಕೆ ತಾಗುತ್ತದೆ.

ಹಂತ 5: ಕೊಳ್ಳುವಾಗ

ಗೋದ್ರೆಜ್, ಓಲ್ಡ್ ಸ್ಪೈಸ್, ಪಾಮೋಲಿವ್, ವಿ-ಜಾನ್ ಥರದವು ಗಲ್ಲಿಯ ಜನರಲ್ ಸ್ಟೋರಿನಲ್ಲೇ ಸಿಗುತ್ತವೆ. ಹೊರದೇಶದ್ದು ಬೇಕೆಂದರೆ ಮುಂಬೈಯಲ್ಲಿ ಕ್ರಾಫರ್ಡ್ ಮಾರ್ಕೆಟ್ ಸುತ್ತ, ಪುಣೆಯಲ್ಲಿ ಕ್ಯಾಂಪಿನ ಕಡೆ ಜನ ಹುಡುಕುತ್ತಾರೆ. ಎಲ್ಲೇ ಕೊಂಡರೂ ಬ್ಯಾಚ್ ನಂಬರು, ತಯಾರಾದ ದಿನಾಂಕ, ಎಂಆರ್‌ಪಿ ನೋಡಿ. ಟ್ಯೂಬಿನ ಚಪ್ಪಟೆ ತುದಿಯ ಮೇಲೆ ಒತ್ತಿರುವ ಅಚ್ಚನ್ನೂ ಪೆಟ್ಟಿಗೆಯ ನಂಬರನ್ನೂ ಹೋಲಿಸಿ. ಆಮದು ಮಾಲಿಗೆ ಆಮದುದಾರರ ಹೆಸರು, ವಿಳಾಸದ ಸ್ಟಿಕ್ಕರ್ ಇರಬೇಕು. ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಬೆಲೆಯನ್ನು ಟ್ಯೂಬಿನ ಲೆಕ್ಕದಲ್ಲಿ ನೋಡಬೇಡಿ, ಶೇವಿನ ಲೆಕ್ಕದಲ್ಲಿ ನೋಡಿ. ಒಂದು ಶೇವಿಗೆ ಬಾದಾಮಿಯಷ್ಟು ಕ್ರೀಮು, ಸುಮಾರು ಒಂದೂಕಾಲು ಗ್ರಾಂ. 70 ಗ್ರಾಂ ಟ್ಯೂಬು 55 ಶೇವಿನ ಹತ್ತಿರ ಬರುತ್ತದೆ. 150 ಗ್ರಾಂ ಡಬ್ಬಿ 120. ಭಾಗಿಸಿ ನೋಡಿದರೆ ದುಬಾರಿ ಅಂದುಕೊಂಡದ್ದು ಕೆಲವು ಸಲ ಅಷ್ಟೇನೂ ದುಬಾರಿ ಅಲ್ಲ. ಆದರೂ ಮೊದಲ ಸಲ ಅತಿ ಸಣ್ಣ ಟ್ಯೂಬೇ ತನ್ನಿ. ‘ಎರಡು ತಗೊಂಡರೆ ಒಂದು ಫ್ರೀ’ಗೆ ಮರುಳಾಗಿ ಮೂರು ತಂದು, ಎರಡನ್ನು ಕಸಕ್ಕೆ ಹಾಕಿದವನು ನಾನೇ.

ಹಂತ 6: ಮುಖಕ್ಕೆ ಮೊದಲು ತೋಳು

ಬಹಳ ಜನ ಟ್ಯೂಬಿನ ಕ್ರೀಮನ್ನು ಹಾಗೇ ತೋಳಿಗೆ ಹಚ್ಚಿ, ಬ್ಯಾಂಡೇಜ್ ಸುತ್ತಿ, ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಕೆಂಪಾಗಿರುತ್ತದೆ. ಆಗದೇ ಇನ್ನೇನು? ಗಟ್ಟಿ ಸೋಪನ್ನು ರಾತ್ರಿಯಿಡೀ ಮುಚ್ಚಿಟ್ಟರೆ ಯಾರ ಚರ್ಮವೂ ಕೆಂಪಾದೀತು. ಅದರಿಂದ ಅಲರ್ಜಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ಸರಿಯಾದ ರೀತಿ ಇದು. ಸ್ವಲ್ಪ ನೊರೆ ಮಾಡಿ, ಮೊಣಕೈ ಒಳಭಾಗದಲ್ಲಿ ರೂಪಾಯಿ ಅಗಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅದೇ ಜಾಗಕ್ಕೆ, ಒಂದು ವಾರ. ಒಂದೇ ದಿನಕ್ಕೆ ನಿಲ್ಲಿಸಬೇಡಿ. ಅಲರ್ಜಿ ಒಂದೆರಡು ದಿನ ತಡವಾಗಿ ಏಳುವುದೇ ಹೆಚ್ಚು. ತುರಿಕೆ, ಸಣ್ಣ ಗುಳ್ಳೆ ಕಂಡರೆ ಆ ಕ್ರೀಮು ನಿಮ್ಮದಲ್ಲ.

ಹಂತ 7: ಮೂರು ಶೇವಿನ ಪರೀಕ್ಷೆ

ಒಂದು ಶೇವಿನಲ್ಲಿ ತೀರ್ಮಾನ ಮಾಡಬೇಡಿ. ಒಂದೇ ಬ್ಲೇಡಿನಲ್ಲಿ, ಒಂದು ದಿನ ಬಿಟ್ಟು ಒಂದು ದಿನ, ಮೂರು ಸಲ ಮಾಡಿ.

ಮೊದಲು ಬಿಸಿನೀರಿನಿಂದ ಎರಡು ನಿಮಿಷ ಮುಖ ನೆನೆಸಿ. ಸ್ನಾನ ಮುಗಿಸಿಯೇ ಶೇವ್ ಮಾಡಿದರೆ ಇನ್ನೂ ಒಳ್ಳೆಯದು, ಒಣಗಿದ ಗಡ್ಡ ತಂತಿಯಂತಿರುತ್ತದೆ. ಬ್ರಶ್ಶಿನ ನೀರನ್ನು ಕೊಡವಿ. ಬಟ್ಟಲಿಗೆ ಬಾದಾಮಿಯಷ್ಟು ಕ್ರೀಮು ಹಾಕಿ ಅರ್ಧ ನಿಮಿಷ ತಿರುಗಿಸಿ. ಗಟ್ಟಿ ಪೇಸ್ಟಿನಂತಾಗುತ್ತದೆ. ಇಲ್ಲಿ ನಿಲ್ಲಿಸುವವರೇ ಜಾಸ್ತಿ. ಈಗ ಬೆರಳಿನಿಂದ ನಾಲ್ಕೈದು ಹನಿ ನೀರು ಹಾಕಿ ತಿರುಗಿಸಿ, ಮತ್ತೆ ನಾಲ್ಕೈದು ಹನಿ. ಚಪಾತಿ ಹಿಟ್ಟು ಕಲಸುವಾಗ ನೀರು ಹಾಕುತ್ತೀರಲ್ಲ, ಅದೇ ಲೆಕ್ಕ. ಒಟ್ಟು ಒಂದೂವರೆ-ಎರಡು ನಿಮಿಷ ಬೇಕು.

ನೊರೆ ಹದಕ್ಕೆ ಬಂದದ್ದು ಹೇಗೆ ತಿಳಿಯುತ್ತದೆ? ಕಣ್ಣಿಗೆ ಕಾಣುವ ಗುಳ್ಳೆ ಇರಬಾರದು. ಮೇಲೆ ಸಣ್ಣ ಹೊಳಪು ಇರಬೇಕು. ಬ್ರಶ್ಶು ಎತ್ತಿದರೆ ತುದಿ ಕೊಕ್ಕೆಯಂತೆ ಬಾಗಬೇಕು. ಎರಡು ಬೆರಳ ನಡುವೆ ತಿಕ್ಕಿದರೆ ಎಣ್ಣೆ ಹಾಕಿದ ಹಾಗೆ ಜಾರಬೇಕು. ಪುಡಿಪುಡಿ ಅನಿಸಿದರೆ ನೀರು ಕಡಿಮೆ. ದೊಡ್ಡ ಗುಳ್ಳೆ ಎದ್ದು ಮುಖದಿಂದ ಇಳಿದರೆ ನೀರು ಜಾಸ್ತಿ, ಇಲ್ಲವೇ ಕ್ರೀಮು ಸಾಲದು.

ಕೂದಲು ಬೆಳೆದ ದಿಕ್ಕಿನಲ್ಲಿ ಎಳೆಯಿರಿ. ಒಂದು ಎಳೆತ ಮುಗಿದ ಜಾಗವನ್ನು ಒದ್ದೆ ಬೆರಳಿನಿಂದ ಸವರಿ. ನೊರೆ ಹೋದ ಮೇಲೂ ಜಾರುತ್ತಿದ್ದರೆ ಅದು ಒಳ್ಳೆಯ ಕ್ರೀಮು. ನನಗೆ ಘಮಕ್ಕಿಂತ ದೊಡ್ಡ ಪರೀಕ್ಷೆ ಇದೇ. ಕೊನೆಗೆ ಮುಖ ತೊಳೆದು ಪಟಿಕವನ್ನು ಒದ್ದೆ ಮಾಡಿ ಸವರಿ. ಎಲ್ಲಿ ಚುರುಕ್ ಅನ್ನುತ್ತದೋ ಅಲ್ಲಿ ಚರ್ಮ ಕೆರೆದಿದೆ. ಪಟಿಕ ಮುಲಾಜು ನೋಡುವುದಿಲ್ಲ.

ನೋಟ್‌ಬುಕ್ಕಿನಲ್ಲಿ ನಾಲ್ಕೇ ವಿಷಯ ಬರೆದಿಡಿ: ಯಾವ ನೀರು, ನೊರೆ ಎಷ್ಟು ಹೊತ್ತು ನಿಂತಿತು, ಪಟಿಕ ಎಲ್ಲಿ ಉರಿಯಿತು, ಘಮ ಯಾವಾಗ ಹೋಯಿತು. ಮೂರು ಸಲದ್ದು ಪಕ್ಕಪಕ್ಕ ಕಂಡಾಗ ತೀರ್ಮಾನ ತಾನಾಗಿಯೇ ಬರುತ್ತದೆ.

ಹಂತ 8: ಉರಿ ಯಾರದು?

ಮುಖ ಉರಿದ ಕೂಡಲೇ ಕ್ರೀಮನ್ನು ಬೈಯಬೇಡಿ. ಒಂದು ದಿನ ಶೇವ್ ಮಾಡದೆ, ಬರೀ ನೊರೆ ಹಚ್ಚಿಕೊಂಡು ಮೂರು ನಿಮಿಷ ಕೂತು ತೊಳೆಯಿರಿ. ಆಗಲೂ ಉರಿದರೆ ಕ್ರೀಮಿನದೇ ತಪ್ಪು. ಆಗ ಸುಮ್ಮನಿದ್ದು ಶೇವ್ ಮಾಡಿದಾಗ ಮಾತ್ರ ಉರಿದರೆ ಬ್ಲೇಡು ಅಥವಾ ನಿಮ್ಮ ಕೈಯ ಒತ್ತಡ.

ಶೇವ್ ಆದ ಕೂಡಲೇ ಚುರುಗುಟ್ಟಿ ಅರ್ಧ ಗಂಟೆಯಲ್ಲಿ ಹೋದರೆ ಸಾಮಾನ್ಯವಾಗಿ ಕೆರೆತ. ಒಂದೆರಡು ದಿನ ಬಿಟ್ಟು ತುರಿಕೆ, ಕೆಂಪು ದದ್ದು ಬಂದು, ಪ್ರತಿ ಸಲವೂ ಹಾಗೇ ಆದರೆ ಅಲರ್ಜಿಯ ಅನುಮಾನ. ರೆಪ್ಪೆ ಊದುವುದೂ, ಕಿವಿ ಹಿಂದೆ ತುರಿಸುವುದೂ ಘಮದ ಅಲರ್ಜಿಯ ಗುರುತಾಗಿರಬಹುದು. ಕ್ರೀಮು ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ. ತುಟಿ ಊದಿ ಉಸಿರು ಕಟ್ಟಿದಂತಾದರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಕತ್ತಿನ ಮೇಲೆ ಗಟ್ಟಿ ಗುಳ್ಳೆ, ಒಳಗೆ ಸುರುಳಿ ಸುತ್ತಿದ ಕೂದಲು ಕಂಡರೆ ಅದು ಕೂದಲು ಒಳಮುಖ ಬೆಳೆದದ್ದು. ಅದಕ್ಕೆ ಘಮ ಬದಲಾಯಿಸಿ ಪ್ರಯೋಜನವಿಲ್ಲ, ತೀರಾ ನುಣ್ಣಗೆ ಕೆರೆಯುವುದನ್ನು ಬಿಡಿ. ಮಳೆಗಾಲದಲ್ಲಿ ಕೀವು ತುಂಬಿದ ಸಣ್ಣ ಗುಳ್ಳೆ ಎದ್ದರೆ ಬ್ರಶ್ಶಿನ ಬುಡ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ತಪ್ಪು ಅಲ್ಲೇ ಇದೆ.

ಹಂತ 9: ಆರಿಸಿದ್ದನ್ನು ಕಾಪಾಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಗಾಳಿಯಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ಬ್ರಶ್ಶು? ಚೆನ್ನಾಗಿ ತೊಳೆದು, ಕೊಡವಿ, ಕೂದಲು ಕೆಳಗಾಗಿ ನೇತುಹಾಕಿ. ಬಾತ್‌ರೂಮಿನಲ್ಲಿ ಬೇಡ, ಗಾಳಿ ಆಡುವ ಕಡೆ.

ಡಬ್ಬಿಯ ಕ್ರೀಮಿಗೆ ಒದ್ದೆ ಬ್ರಶ್ಶು ಅದ್ದಬೇಡಿ. ಒಣ ಚಮಚದಲ್ಲಿ ತೆಗೆಯಿರಿ. ಮುಂಬೈ, ಗೋವಾದ ಸೆಕೆಗೆ ಡಬ್ಬಿಗಿಂತ ಟ್ಯೂಬೇ ಕ್ಷೇಮ. ಮುಚ್ಚಳ ಬಿಗಿಯಾಗಿರಲಿ. ಲಿಮೊನೀನ್, ಲಿನಲೂಲ್ ಗಾಳಿಗೆ ತೆರೆದುಕೊಂಡಷ್ಟೂ ಕೆಡುತ್ತವೆ, ಕೆಟ್ಟ ಮೇಲೆ ಅಲರ್ಜಿ ತರುವ ಗುಣ ಜಾಸ್ತಿ. ಲೇಬಲ್ಲಿನ ಮೇಲೆ ಬಾಯಿ ತೆರೆದ ಡಬ್ಬಿಯ ಚಿತ್ರದೊಳಗೆ 12 ಅಥವಾ 24 ಅಂತ ಇದ್ದರೆ ತೆರೆದ ಮೇಲೆ ಅಷ್ಟು ತಿಂಗಳು ಅಂತ ಅರ್ಥ. ತೆರೆದ ತಾರೀಕನ್ನು ಪೆನ್ನಿನಲ್ಲಿ ಬರೆದಿಡಿ.

ವೆನಿಲ್ಲಾ ಇರುವ ಕ್ರೀಮು ಕಂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಹಳೇ ಎಣ್ಣೆಯ ಕಮಟು ವಾಸನೆ ಬಂದರೆ, ನೀರು ಬೇರೆ ಕ್ರೀಮು ಬೇರೆ ಆದರೆ, ಚುಕ್ಕೆ ಚುಕ್ಕೆ ಬೂಸ್ಟು ಕಂಡರೆ ಎಸೆಯಿರಿ.

ಪರೀಕ್ಷೆಯಲ್ಲಿ ಸೋತ, ಆದರೆ ಕೆಡದ ಟ್ಯೂಬನ್ನು ನನ್ನ ಹಾಗೆ ಕಸಕ್ಕೆ ಹಾಕಬೇಡಿ. ಬಟಾಣಿಯಷ್ಟು ತೆಗೆದು ಬಾತ್‌ರೂಮಿನ ಕನ್ನಡಿಗೆ ತೆಳ್ಳಗೆ ಸವರಿ, ಒಣ ಬಟ್ಟೆಯಿಂದ ಹೊಳೆಯುವಷ್ಟು ಒರೆಸಿ. ಬಿಸಿನೀರಿನ ಹಬೆಗೆ ಕನ್ನಡಿ ಕೆಲವು ದಿನ ಮಬ್ಬಾಗುವುದಿಲ್ಲ.